ರೈತ ಸರ್ಕಾರದ ಪತನ: ಬಲ್ಗೇರಿಯ 1923ನ್ನು ತರಗತಿಯಲ್ಲಿ ವಿವರಿಸುವ ಬಗೆ

ಎರಡು ಮಹಾಯುದ್ಧಗಳ ನಡುವಿನ ಯುರೋಪ್ ಎಂದೊಡನೆ ಮಕ್ಕಳ ನೆನಪಿಗೆ ಬರುವುದು ಇಟಲಿ ಮತ್ತು ಜರ್ಮನಿ. ಜನರು ಆರಿಸಿದ ಸರ್ಕಾರವನ್ನು ಸೈನ್ಯ ಹೇಗೆ ಉರುಳಿಸುತ್ತದೆ ಎಂದು ತಿಳಿಸಲು ಬಲ್ಗೇರಿಯ ಹೆಚ್ಚು ಸ್ಪಷ್ಟವಾದ ಉದಾಹರಣೆ. ಹಿರಿಯೂರು, ಹೊಸದುರ್ಗ, ಹೊಳಲ್ಕೆರೆಯ ರೈತ ಮನೆಗಳ ಮಕ್ಕಳಿಗೆ ಇದು ಬೇಗ ಹಿಡಿಸುತ್ತದೆ; ಕಥೆ ಜಮೀನಿನಿಂದಲೇ ಶುರುವಾಗುತ್ತದೆ.

ರೈತ ಒಕ್ಕೂಟದ ನಾಯಕ ಅಲೆಕ್ಸಾಂಡರ್ ಸ್ತಾಂಬೊಲಿಸ್ಕಿ ಮೊದಲ ಮಹಾಯುದ್ಧವನ್ನು ವಿರೋಧಿಸಿ ಜೈಲು ಸೇರಿದ್ದವರು. 1919ರಲ್ಲಿ ಪ್ರಧಾನಿಯಾದರು. ಅವರ ಸರ್ಕಾರ ಸ್ವಂತ ಸಾಗುವಳಿಯ ಕುಟುಂಬಕ್ಕೆ 30 ಹೆಕ್ಟೇರ್ ಮಿತಿ ಹಾಕಿತು. ಇದನ್ನು ಎಕರೆಗೆ ಪರಿವರ್ತಿಸಲು ಮಕ್ಕಳಿಗೇ ಬಿಡಬೇಕು: ಸುಮಾರು 74 ಎಕರೆ. ನಮ್ಮಲ್ಲಿ 1974ರ ಭೂಸುಧಾರಣೆ ತಿದ್ದುಪಡಿಯ ಬಗ್ಗೆ ಮನೆಯ ಹಿರಿಯರಿಂದ ಕೇಳಿದವರು ಕೂಡಲೇ ಹೋಲಿಸುತ್ತಾರೆ.

ನಾನು ಬಿ.ಎಸ್ಸಿ. ಓದಿ ಬಂದವಳು, ಲೆಕ್ಕದಿಂದಲೇ ಮುಂದುವರಿಯುತ್ತೇನೆ. 1923ರ ಏಪ್ರಿಲ್ ಚುನಾವಣೆಯಲ್ಲಿ ಒಕ್ಕೂಟಕ್ಕೆ 245ರಲ್ಲಿ 212 ಸ್ಥಾನ ಸಿಕ್ಕವು; ಅಂದರೆ ಶೇ. 86ಕ್ಕೂ ಹೆಚ್ಚು. ಮತಗಳು ಮಾತ್ರ ಅರ್ಧಕ್ಕಿಂತ ತುಸು ಹೆಚ್ಚು. ಮತ ಮತ್ತು ಸ್ಥಾನದ ಅಂತರವನ್ನು ಕರಿಹಲಗೆಯ ಮೇಲೆ ಎರಡು ಸ್ತಂಭಗಳಾಗಿ ಬರೆದರೆ ಸಾಕು, ಪ್ರಶ್ನೆಗಳು ತಾವಾಗಿಯೇ ಏಳುತ್ತವೆ.

ಶತ್ರುಗಳು ಯಾರು? ನ್ಯೂಯಿ ಒಪ್ಪಂದ ಸೈನ್ಯವನ್ನು 20,000ಕ್ಕೆ ಇಳಿಸಿತ್ತು. ಕೆಲಸ ಕಳೆದುಕೊಂಡ ಅಧಿಕಾರಿಗಳು ಸಿಟ್ಟಿನಲ್ಲಿದ್ದರು. ಯುಗೊಸ್ಲಾವಿಯದೊಂದಿಗಿನ ನೀಶ್ ಒಪ್ಪಂದದಿಂದ ಮ್ಯಾಸಿಡೋನಿಯದ ಸಶಸ್ತ್ರ ಸಂಘಟನೆ ಕೆರಳಿತ್ತು. ನಗರದ ಪಕ್ಷಗಳೂ ಮುನಿದಿದ್ದವು. 1923ರ ಜೂನ್ 9ರಂದು ಸೇನಾಧಿಕಾರಿಗಳ ಕೂಟ ಅಧಿಕಾರ ಕಿತ್ತುಕೊಂಡಿತು. ಅರ್ಥಶಾಸ್ತ್ರದ ಪ್ರಾಧ್ಯಾಪಕ ಅಲೆಕ್ಸಾಂಡರ್ ತ್ಸಾಂಕೊವ್ ಪ್ರಧಾನಿಯಾದರು. ಕಮ್ಯುನಿಸ್ಟರು ತಟಸ್ಥರಾಗಿ ನಿಂತರು. ಸೆಪ್ಟೆಂಬರಿನಲ್ಲಿ ಅವರೇ ದಂಗೆ ಎದ್ದಾಗ ಅದೂ ನೆತ್ತರಲ್ಲಿ ಮುಳುಗಿತು. ಸ್ತಾಂಬೊಲಿಸ್ಕಿಯವರನ್ನು ಜೂನ್ 14ರಂದು ಚಿತ್ರಹಿಂಸೆ ಕೊಟ್ಟು ಕೊಂದರು.

ಇಲ್ಲಿ ಶಿಕ್ಷಕರು ಎಚ್ಚರ ವಹಿಸಬೇಕು. ಸ್ತಾಂಬೊಲಿಸ್ಕಿಯವರನ್ನು ನಿಷ್ಕಳಂಕ ನಾಯಕನಾಗಿ ಚಿತ್ರಿಸಬಾರದು. ಅವರ 'ಕಿತ್ತಳೆ ದಳ' ವಿರೋಧಿಗಳ ಮೇಲೆ ಕೈಮಾಡಿತ್ತು; ವಿರೋಧ ಪಕ್ಷದ ನಾಯಕರು ಬಂಧನದಲ್ಲಿದ್ದರು. ಇದನ್ನು ಹೇಳಿದಾಗ "ಹಾಗಾದರೆ ಸೈನ್ಯ ಮಾಡಿದ್ದು ಸರೀನೇ ಅಲ್ವಾ ಮಿಸ್?" ಎಂಬ ಪ್ರಶ್ನೆ ಬಂದೇ ಬರುತ್ತದೆ. ಉತ್ತರ ಹೇಳಿಬಿಡದೆ ಎರಡು ಪ್ರಶ್ನೆಗಳನ್ನು ಬೇರೆಬೇರೆಯಾಗಿ ಬರೆಯಿರಿ: ಸರ್ಕಾರದಲ್ಲಿ ತಪ್ಪಿತ್ತೇ? ಆ ತಪ್ಪನ್ನು ತಿದ್ದುವ ಅಧಿಕಾರ ಯಾರಿಗಿತ್ತು?

ಮೊದಲನೆಯದಕ್ಕೆ 'ಹೌದು' ಎಂದ ಮಾತ್ರಕ್ಕೆ ಎರಡನೆಯದಕ್ಕೆ 'ಸೈನ್ಯಕ್ಕೆ' ಎಂಬ ಉತ್ತರ ಬರುವುದಿಲ್ಲ. ಮತದಾರ ತಪ್ಪು ಸರ್ಕಾರವನ್ನು ಮುಂದಿನ ಚುನಾವಣೆಯಲ್ಲಿ ಇಳಿಸಬಹುದು. ಬಂದೂಕಿನಿಂದ ಬಂದವರನ್ನು ಇಳಿಸಲು ಅವನ ಕೈಯಲ್ಲಿ ಏನೂ ಉಳಿಯುವುದಿಲ್ಲ. ಇನ್ನು ಕೆಲವೇ ವರ್ಷಗಳಲ್ಲಿ ಮತ ಹಾಕಲಿರುವ ಮಕ್ಕಳು ಈ ವ್ಯತ್ಯಾಸವನ್ನು ಸ್ವಂತ ಮಾತಿನಲ್ಲಿ ಬರೆದರೆ ಪಾಠದ ಉದ್ದೇಶ ಈಡೇರಿದಂತೆ.