ರಿಯಾಕ್ಟರಿನ ಬಾಗಿಲಲ್ಲಿ ಆಪರೇಷನ್ ಥಿಯೇಟರ್

1968ರ ಜಪಾನ್. ಟೋಕಿಯೊ ಪಕ್ಕದ ಕಾವಾಸಾಕಿಯಲ್ಲಿ ಹಿಟಾಚಿ ಕಂಪನಿ ತರಬೇತಿಗೆಂದು ಕಟ್ಟಿಸಿದ್ದ ಪುಟ್ಟ ಪರಮಾಣು ರಿಯಾಕ್ಟರಿಗೆ ಒಬ್ಬ ನರಶಸ್ತ್ರಚಿಕಿತ್ಸಕರು ರೋಗಿಯನ್ನು ಕರೆತಂದರು. ಅರಿವಳಿಕೆ ಕೊಟ್ಟರು, ನೆತ್ತಿಯ ಚರ್ಮ ಸರಿಸಿದರು, ಬುರುಡೆಯ ಮೂಳೆಯನ್ನು ತೆಗೆದು ಬದಿಗಿಟ್ಟರು. ತೆರೆದ ಮಿದುಳನ್ನು ನ್ಯೂಟ್ರಾನ್‌ಗಳು ಹೊರಬೀಳುವ ಕಿಂಡಿಗೆ ಗಂಟೆಗಟ್ಟಲೆ ಒಡ್ಡಿ, ಆಮೇಲೆ ಎಲ್ಲವನ್ನೂ ಮೊದಲಿನಂತೆ ಮುಚ್ಚಿ ಹೊಲಿದರು.

ಆ ವೈದ್ಯರ ಹೆಸರು ಹಿರೋಶಿ ಹತನಾಕಾ. ಬೋರಾನ್ ನ್ಯೂಟ್ರಾನ್ ಕ್ಯಾಪ್ಚರ್ ಥೆರಪಿ, ಚಿಕ್ಕದಾಗಿ ಬಿಎನ್‌ಸಿಟಿ ಎಂಬ ಚಿಕಿತ್ಸೆಯ ಬಗ್ಗೆ ಬರೆಯಲು ಹೊರಟವನಿಗೆ ಈ ಮನುಷ್ಯನನ್ನು ದಾಟಿ ಮುಂದೆ ಹೋಗುವುದೇ ಕಷ್ಟವಾಯಿತು.

ಅವರ ರೋಗಿಗಳಿಗಿದ್ದದ್ದು ಮಿದುಳಿನ ಗಡ್ಡೆ. ಅಂಥ ಗಡ್ಡೆಗಳಲ್ಲಿ ಗ್ಲಿಯೋಬ್ಲಾಸ್ಟೋಮಾ ಎಂಬುದು ಅತ್ಯಂತ ಕ್ರೂರವಾದದ್ದು. ಅದು ಹೊಲದ ಕೊನ್ನಾರಿ ಇದ್ದ ಹಾಗೆ. ಕಣ್ಣಿಗೆ ಕಂಡಷ್ಟನ್ನು ಕಿತ್ತು ಹಾಕಬಹುದು, ಆದರೆ ಆರೋಗ್ಯವಂತ ಕೋಶಗಳ ನಡುವೆ ಅದರ ಎಳೆಗಳು ಆಗಲೇ ಹರಡಿರುತ್ತವೆ. ಆಪರೇಷನ್ ಮುಗಿದ ಮೇಲೆ ನಮ್ಮ ಕಡೆ ಜನ ‘ಕರೆಂಟು ಕೊಡುವುದು’ ಎನ್ನುವ ವಿಕಿರಣ ಚಿಕಿತ್ಸೆ ನಡೆಯುತ್ತದೆ. ಸಾಮಾನ್ಯವಾಗಿ ಆರು ವಾರ, 30 ಸಲ, ಒಟ್ಟು 60 ಗ್ರೇ (ವಿಕಿರಣ ಪ್ರಮಾಣದ ಅಳತೆ). ಜೊತೆಗೆ ಟೆಮೊಜೊಲೊಮೈಡ್ ಮಾತ್ರೆ. 2005ರಲ್ಲಿ ಪ್ರಕಟವಾದ ದೊಡ್ಡ ಅಧ್ಯಯನವೊಂದು ಈ ಮಾತ್ರೆ ಸೇರಿಸಿದ್ದರಿಂದ ರೋಗಿಗಳ ಮಧ್ಯಾಂಕ ಆಯುಷ್ಯ 12.1 ತಿಂಗಳಿಂದ 14.6 ತಿಂಗಳಿಗೆ ಏರಿತೆಂದು ತೋರಿಸಿತು. ಎರಡೂವರೆ ತಿಂಗಳು. ಈ ಕಾಯಿಲೆಯಲ್ಲಿ ಅದೇ ದೊಡ್ಡ ಗೆಲುವು.

ಇಂದಿನ ಯಂತ್ರಗಳು ಕಿರಣವನ್ನು ಮಿಲಿಮೀಟರ್ ಲೆಕ್ಕದಲ್ಲಿ ಗಡ್ಡೆಯ ಆಕಾರಕ್ಕೆ ತಕ್ಕಂತೆ ಬಿಡುತ್ತವೆ, ನಿಜ. ಆದರೆ ಅಕ್ಕಪಕ್ಕದಲ್ಲೇ ಕೂತ ಒಳ್ಳೆಯ ಕೋಶ, ಕೆಟ್ಟ ಕೋಶ ಯಾವುದೆಂದು ಕಿರಣಕ್ಕೆ ಗೊತ್ತಾಗುವುದಿಲ್ಲ. ಬಿಎನ್‌ಸಿಟಿಯಲ್ಲಿ ಈ ಆಯ್ಕೆಯ ಕೆಲಸವನ್ನು ಕಿರಣಕ್ಕೆ ಬಿಟ್ಟಿಲ್ಲ, ಔಷಧಕ್ಕೆ ವಹಿಸಿದ್ದಾರೆ.

ಬೋರಾನ್ ನಮಗೆ ಅಪರಿಚಿತವಲ್ಲ. ಅಕ್ಕಸಾಲಿಗರು ಬೆಸುಗೆಗೆ ಬಳಸುವ ಬಿಳಿಗಾರದಲ್ಲಿ, ಕೇರಂ ಬೋರ್ಡಿಗೆ ಉದುರಿಸುವ ಬೋರಿಕ್ ಪುಡಿಯಲ್ಲಿ ಇರುವುದು ಅದೇ. ನಿಸರ್ಗದ ಬೋರಾನ್‌ನಲ್ಲಿ ಐದನೇ ಒಂದು ಪಾಲು ಬೋರಾನ್-10 ಎಂಬ ಬಗೆಯದು. ನಿಧಾನಗತಿಯ ನ್ಯೂಟ್ರಾನ್‌ಗಳನ್ನು ನುಂಗುವುದರಲ್ಲಿ ಇದು ಎತ್ತಿದ ಕೈ. ನುಂಗಿದ ಕೂಡಲೇ ಒಡೆದು ಒಂದು ಆಲ್ಫಾ ಕಣ, ಒಂದು ಲೀಥಿಯಂ ಕಣ ಎರಡು ದಿಕ್ಕಿಗೆ ಸಿಡಿಯುತ್ತವೆ. ಅವು ಸಾಗುವ ದೂರ 5ರಿಂದ 9 ಮೈಕ್ರಾನ್, ಅಂದರೆ ಸರಿಸುಮಾರು ಒಂದು ಕೋಶದ ಅಗಲ. ಸಿಡಿತ ಯಾವ ಕೋಶದೊಳಗೆ ಆಯಿತೋ ಬಹುಪಾಲು ಆ ಕೋಶವೇ ಸಾಯುತ್ತದೆ, ಪಕ್ಕದ್ದು ಉಳಿಯುತ್ತದೆ. ಅದಕ್ಕಾಗಿ ಪ್ರತಿ ಕ್ಯಾನ್ಸರ್ ಕೋಶದೊಳಗೆ ನೂರು ಕೋಟಿಯಷ್ಟು ಬೋರಾನ್-10 ಪರಮಾಣುಗಳನ್ನು ಸೇರಿಸಬೇಕು. ಒಳ್ಳೆಯ ಕೋಶಕ್ಕೆ ಅಷ್ಟು ಸೇರಬಾರದು. ಈ ಚಿಕಿತ್ಸೆಯ ತೊಂದರೆಗಳೆಲ್ಲ ಹುಟ್ಟುವುದು ಈ ಎರಡು ಷರತ್ತುಗಳಲ್ಲೇ.

ಚಾಡ್ವಿಕ್ 1932ರಲ್ಲಿ ನ್ಯೂಟ್ರಾನನ್ನು ಕಂಡುಹಿಡಿದರು. ನಾಲ್ಕೇ ವರ್ಷದಲ್ಲಿ, 1936ರಲ್ಲಿ, ಅಮೆರಿಕದ ಗಾರ್ಡನ್ ಲೋಚರ್ ಈ ಚಿಕಿತ್ಸೆಯ ಸಾಧ್ಯತೆಯನ್ನು ಮುಂದಿಟ್ಟರು. ಬಾಸ್ಟನ್ನಿನ ನರಶಸ್ತ್ರಚಿಕಿತ್ಸಕ ವಿಲಿಯಂ ಸ್ವೀಟ್ ಮತ್ತು ಸಂಗಡಿಗರು 1951ರಲ್ಲಿ ಬ್ರೂಕ್‌ಹೇವನ್ ರಿಯಾಕ್ಟರಿನಲ್ಲಿ ರೋಗಿಗಳ ಮೇಲೆ ಪ್ರಯೋಗಿಸಿದರು. ಮೊದಲ ರೋಗಿಗಳ ರಕ್ತನಾಳಕ್ಕೆ ಕೊಟ್ಟದ್ದು ಬಿಳಿಗಾರವನ್ನೇ! ಆದರೆ ಬೋರಾನ್ ಗಡ್ಡೆಯಲ್ಲಿ ನಿಲ್ಲುವ ಬದಲು ರಕ್ತದಲ್ಲೇ ಉಳಿಯಿತು. ನೆತ್ತಿಯ ಚರ್ಮಕ್ಕೂ ಮಿದುಳಿನ ರಕ್ತನಾಳಗಳಿಗೂ ಹಾನಿಯಾಯಿತು. ನಿಧಾನಗತಿಯ ನ್ಯೂಟ್ರಾನ್‌ಗಳು ಆಳಕ್ಕೆ ಇಳಿಯಲೂ ಇಲ್ಲ. 1961ರಲ್ಲಿ ಪ್ರಯೋಗ ನಿಂತಿತು. ದಶಕಗಳ ನಂತರ ರೋಗಿಗಳ ಕುಟುಂಬದವರು ನ್ಯಾಯಾಲಯಕ್ಕೆ ಹೋದರು. 1999ರಲ್ಲಿ ಜ್ಯೂರಿ ಅವರ ಪರ ತೀರ್ಪು ಕೊಟ್ಟಿತು, ಮೇಲ್ಮನವಿಯಲ್ಲಿ ಅದು ಬಿದ್ದುಹೋಯಿತು.

ಪ್ರಯೋಗ ನಿಂತು ಎಲ್ಲರೂ ಕೈಬಿಟ್ಟಿದ್ದ ಅರವತ್ತರ ದಶಕದಲ್ಲಿ ಸ್ವೀಟ್ ಅವರ ಬಳಿ ಕಲಿಯಲು ಬಂದಿದ್ದವರು ಹತನಾಕಾ. ಅದೇ ತಂಡದ ರಸಾಯನತಜ್ಞ ಆಲ್ಬರ್ಟ್ ಸಾಲೊವೇ ಹೊಸ ಔಷಧವೊಂದನ್ನು ರೂಪಿಸಿದ್ದರು. ಅದರ ಪ್ರತಿ ಅಣುವಿನಲ್ಲಿ ಪಂಜರದಂತೆ ಜೋಡಿಸಿದ 12 ಬೋರಾನ್ ಪರಮಾಣುಗಳು. ಬಿಎಸ್‌ಎಚ್ ಎನ್ನುವ ಆ ಔಷಧವನ್ನೂ ಗುರುಗಳು ಸೋತಿದ್ದ ವಿದ್ಯೆಯನ್ನೂ ಹೊತ್ತು ಹತನಾಕಾ ಜಪಾನಿಗೆ ಮರಳಿದರು. ನ್ಯೂಟ್ರಾನ್ ಆಳಕ್ಕೆ ಹೋಗುವುದಿಲ್ಲವೆಂದರೆ ಅಡ್ಡ ಇರುವ ಚರ್ಮ, ಮೂಳೆಯನ್ನೇ ಸರಿಸಿಬಿಡೋಣ ಎಂಬುದು ಅವರ ಉತ್ತರ. ಶಸ್ತ್ರಚಿಕಿತ್ಸಕರಿಗೆ ಮಾತ್ರ ಹೊಳೆಯಬಹುದಾದ ಉತ್ತರ ಅದು. ಅರಿವಳಿಕೆಯಲ್ಲಿರುವ ರೋಗಿ, ಸೋಂಕು ತಗಲದಂತೆ ಕಾಯಬೇಕಾದ ಗಾಯ, ಇವೆರಡರ ಪಕ್ಕದಲ್ಲೇ ರಿಯಾಕ್ಟರ್. ಆಮೇಲೆ ಮುಸಾಶಿ ತಾಂತ್ರಿಕ ಸಂಸ್ಥೆಯ ರಿಯಾಕ್ಟರಿನಲ್ಲೂ ಇದನ್ನೇ ಮುಂದುವರಿಸಿದರು. ಕಾಲು ಶತಮಾನದಲ್ಲಿ ನೂರಕ್ಕೂ ಹೆಚ್ಚು ರೋಗಿಗಳು.

ಅವರಲ್ಲಿ ಕೆಲವರು ಹತ್ತು ವರ್ಷಕ್ಕೂ ಹೆಚ್ಚು ಬದುಕಿದರೆಂಬ ವರದಿಗಳು ಜಗತ್ತಿನ ಕಿವಿ ನೆಟ್ಟಗಾಗಿಸಿದವು. ಅಮೆರಿಕದಿಂದಲೂ ರೋಗಿಗಳು ಹುಡುಕಿಕೊಂಡು ಹೋದರು. ಹಾಗೆ ಹೋದ 14 ಮಂದಿಯ ದಾಖಲೆಗಳನ್ನು ಸಿಯಾಟಲ್‌ನ ಇಬ್ಬರು ವೈದ್ಯರು 1996ರಲ್ಲಿ ಪರಿಶೀಲಿಸಿ, ಮಾಮೂಲಿ ಚಿಕಿತ್ಸೆ ಪಡೆದವರಿಗಿಂತ ಇವರೇನೂ ಹೆಚ್ಚು ಬದುಕಿಲ್ಲ ಎಂದು ಬರೆದರು. ಅಷ್ಟರಲ್ಲಿ ಹತನಾಕಾ ತೀರಿಕೊಂಡು ಎರಡು ವರ್ಷವಾಗಿತ್ತು. ಸಿಯಾಟಲ್ ವೈದ್ಯರ ಎಚ್ಚರಿಕೆ ಸರಿಯಾದದ್ದೇ. ಆದರೂ ಅವರೊಬ್ಬರು ಹಟ ಹಿಡಿಯದಿದ್ದರೆ ಈ ಚಿಕಿತ್ಸೆ ಹಳೆಯ ಪತ್ರಿಕೆಗಳ ಕಟ್ಟಿನಲ್ಲೇ ಉಳಿಯುತ್ತಿತ್ತು ಎಂದು ನನಗನ್ನಿಸುತ್ತದೆ.

ಮುಂದಿನ ಹೆಜ್ಜೆ ಬಂದದ್ದು ಚರ್ಮರೋಗ ತಜ್ಞರೊಬ್ಬರಿಂದ. ಕೋಬೆಯ ಯುಟಾಕಾ ಮಿಶಿಮಾ ಅವರು ಅಮೈನೊ ಆಮ್ಲವೊಂದಕ್ಕೆ ಬೋರಾನ್ ಅಂಟಿಸಿದ ಬಿಪಿಎ ಎಂಬ ಔಷಧವನ್ನು ಚರ್ಮದ ಮೆಲನೋಮಾಕ್ಕೆ ಬಳಸಿದರು. ಹಸಿದ ಕ್ಯಾನ್ಸರ್ ಕೋಶ ಅದನ್ನು ಆಹಾರವೆಂದೇ ಒಳಗೆಳೆದುಕೊಳ್ಳುತ್ತದೆ. ಮಿದುಳಿನ ಗಡ್ಡೆಯೂ ಹಾಗೇ ಮಾಡುತ್ತದೆ ಎಂಬುದು ಆಮೇಲೆ ತಿಳಿಯಿತು. ಇನ್ನು, ತುಸು ಹೆಚ್ಚು ವೇಗದ ನ್ಯೂಟ್ರಾನ್‌ಗಳನ್ನು ಬಿಟ್ಟರೆ ಅವು ತಲೆಯೊಳಗೆ ಇಳಿಯುತ್ತಲೇ ನಿಧಾನಗೊಂಡು ಗಡ್ಡೆ ಇರುವ ಆಳ ಮುಟ್ಟುತ್ತವೆ. ಬುರುಡೆ ತೆರೆಯುವ ಪ್ರಮೇಯವೇ ಇಲ್ಲವಾಯಿತು.

ಇದನ್ನು ಅಚ್ಚುಕಟ್ಟಾಗಿ ಮಾಡಿ ತೋರಿಸಿದ್ದು ಫಿನ್‌ಲೆಂಡ್. ಹೆಲ್ಸಿಂಕಿ ಪಕ್ಕದ ಒಟಾನಿಯೆಮಿಯಲ್ಲಿ 1962ರಿಂದ ವಿದ್ಯಾರ್ಥಿಗಳು, ಸಂಶೋಧಕರು ಬಳಸುತ್ತಿದ್ದ 250 ಕಿಲೋವಾಟ್‌ನ ಸಣ್ಣ ರಿಯಾಕ್ಟರೊಂದಿತ್ತು. ನ್ಯೂಟ್ರಾನ್‌ಗಳ ವೇಗವನ್ನು ಬೇಕಾದಷ್ಟಕ್ಕೆ ಇಳಿಸುವ ವಸ್ತುವನ್ನು ಅಲ್ಲಿನವರೇ ತಯಾರಿಸಿಕೊಂಡರು. 1999ರಿಂದ 2012ರವರೆಗೆ ಇನ್ನೂರಕ್ಕೂ ಹೆಚ್ಚು ಮಂದಿಗೆ ಅಲ್ಲಿ ಚಿಕಿತ್ಸೆಯಾಯಿತು. ಎರಡು ಗಂಟೆ ಔಷಧ ಹನಿಸುತ್ತಾರೆ, ಆಗಾಗ ರಕ್ತ ತೆಗೆದು ಬೋರಾನ್ ಎಷ್ಟಿದೆಯೆಂದು ಅಳೆಯುತ್ತಾರೆ, ತಲೆ ಕದಲದಂತೆ ಕಿಂಡಿಗೆ ಹೊಂದಿಸಿ ಕಿರಣ ಬಿಡುತ್ತಾರೆ. ಒಂದೋ ಎರಡೋ ಸಲಕ್ಕೆ ಕೆಲಸ ಮುಗಿಯುತ್ತದೆ, 30 ಸಲ ಬೇಕಿಲ್ಲ. ತಲೆ ಮತ್ತು ಕುತ್ತಿಗೆಯ ಕ್ಯಾನ್ಸರ್ ಮರುಕಳಿಸಿದ 30 ಮಂದಿಯ ಅಧ್ಯಯನದಲ್ಲಿ ಸುಮಾರು ಮುಕ್ಕಾಲು ಪಾಲು ರೋಗಿಗಳ ಗಡ್ಡೆ ಕುಗ್ಗಿತು ಅಥವಾ ಕರಗಿತು. ಇಷ್ಟಾಗಿಯೂ ಚಿಕಿತ್ಸೆ ನಡೆಸುತ್ತಿದ್ದ ಕಂಪನಿ 2012ರಲ್ಲಿ ದಿವಾಳಿಯಾಯಿತು. 2015ರಲ್ಲಿ ರಿಯಾಕ್ಟರನ್ನೇ ಮುಚ್ಚಿದರು. ಕೆಲಸ ಗೊತ್ತಿದ್ದ ತಂಡ ಇತ್ತು, ರೋಗಿಗಳಿದ್ದರು, ದುಡ್ಡು ಇರಲಿಲ್ಲ.

ಜಪಾನ್ ಈಗ ರಿಯಾಕ್ಟರಿನ ಹಂಗನ್ನೇ ಬಿಟ್ಟಿದೆ. ಆಸ್ಪತ್ರೆಯಲ್ಲೇ ಕೂರಿಸಬಹುದಾದ ಸೈಕ್ಲೋಟ್ರಾನ್ ಪ್ರೋಟಾನ್‌ಗಳನ್ನು ಬೆರಿಲಿಯಂಗೆ ಬಡಿದು ನ್ಯೂಟ್ರಾನ್ ಹೊರಡಿಸುತ್ತದೆ. ತಲೆ ಮತ್ತು ಕುತ್ತಿಗೆಯ ಕ್ಯಾನ್ಸರಿಗೆ ಅದರ ಬಳಕೆಗೆ 2020ರಲ್ಲಿ ಒಪ್ಪಿಗೆ ಸಿಕ್ಕಿತು, ವಿಮೆಯೂ ಬಂತು. ಮರುಕಳಿಸಿದ ಗ್ಲಿಯೋಬ್ಲಾಸ್ಟೋಮಾದ 24 ರೋಗಿಗಳಲ್ಲಿ ಶೇ 79ರಷ್ಟು ಮಂದಿ ಒಂದು ವರ್ಷ ದಾಟಿದರೆಂದು 2021ರ ವರದಿಯೊಂದು ಹೇಳುತ್ತದೆ. ಹೋಲಿಸಿ ನೋಡಲು ಇನ್ನೊಂದು ಗುಂಪು ಆ ಅಧ್ಯಯನದಲ್ಲಿ ಇರಲಿಲ್ಲ, ಹಾಗಾಗಿ ಕುಣಿದಾಡುವಂತಿಲ್ಲ.

ನಮ್ಮಲ್ಲಿ ಈ ಚಿಕಿತ್ಸೆ ರೋಗಿಗಳಿಗೆ ಇನ್ನೂ ಸಿಗುತ್ತಿಲ್ಲ. ಈ ಲೇಖನ ಓದಿ ಯಾರೂ ಹೊಲ ಮಾರಿ ಜಪಾನಿನ ಟಿಕೆಟ್ ಹುಡುಕುವುದು ಬೇಡ. ಇಲ್ಲಿ ಸಿಗುವ ಆರು ವಾರದ ಕರೆಂಟನ್ನು ಅರ್ಧಕ್ಕೆ ಬಿಡುವುದೂ ಬೇಡ. ಆದರೆ ಒಂದು ಸಂಗತಿ ಸರ್ಕಾರದ ಕಿವಿಗೆ ಬೀಳಬೇಕು. ಬೋರಾನ್-10 ಅನ್ನು ಬೇರ್ಪಡಿಸುವ ವಿದ್ಯೆ ನಮಗೆ ಗೊತ್ತಿದೆ. ಕಲ್ಪಾಕ್ಕಂನ ಫಾಸ್ಟ್ ಬ್ರೀಡರ್ ರಿಯಾಕ್ಟರಿನ ನಿಯಂತ್ರಣ ಸರಳುಗಳಿಗೆಂದು ಭಾರಜಲ ಮಂಡಳಿ ಅದನ್ನು ತಯಾರಿಸುತ್ತದೆ. ಆ ಮಂಡಳಿಯೂ ಮುಂಬೈಯ ಟಾಟಾ ಸ್ಮಾರಕ ಕ್ಯಾನ್ಸರ್ ಕೇಂದ್ರವೂ ಒಂದೇ ಅಣುಶಕ್ತಿ ಇಲಾಖೆಯ ಕೆಳಗಿವೆ. ಇಬ್ಬರನ್ನೂ ಒಂದು ಕೋಣೆಯಲ್ಲಿ ಕೂರಿಸಿ ಈ ಮಾತು ಶುರು ಮಾಡಿಸುವ ಕೆಲಸವನ್ನು ಇಲಾಖೆ ಈಗಲಾದರೂ ಮಾಡಲಿ.