ಮುಳುಗಿಯೂ ಸಾಯದ ಭತ್ತ

ಭತ್ತ ನೀರು ನಿಂತ ಗದ್ದೆಯಲ್ಲೇ ಬೆಳೆಯುವ ಪೈರು. ಹಾಗಿದ್ದೂ ನೆರೆಯಲ್ಲಿ ಮುಳುಗಿದರೆ ಸಾಯುವುದೇಕೆ? ಕೆಲವು ತಳಿಗಳು ಮಾತ್ರ ಉಳಿಯುವುದು ಹೇಗೆ?

ಭತ್ತದ ಬುಡ ನೀರಿನಲ್ಲಿರಬಹುದಾದರೂ ಎಲೆಗಳಿಗೆ ಗಾಳಿ, ಬೆಳಕು ಬೇಕೇ ಬೇಕು. ಪೈರು ಪೂರ್ತಿ ಮುಳುಗಿದಾಗ, ಅದರೊಳಗೆ ಉತ್ಪತ್ತಿಯಾಗುವ ಎಥಿಲೀನ್ ಎಂಬ ಅನಿಲರೂಪದ ಹಾರ್ಮೋನು ಹೊರಹೋಗಲಾರದೆ ಅಂಗಾಂಶಗಳಲ್ಲೇ ಶೇಖರವಾಗುತ್ತದೆ. ಇದನ್ನು ಮುಳುಗಡೆಯ ಸೂಚನೆಯೆಂದು ಗ್ರಹಿಸುವ ಸಾಮಾನ್ಯ ತಳಿಯು, ಕಾಂಡ ಮತ್ತು ಎಲೆಗಳನ್ನು ನೀಳಗೊಳಿಸುವ ಜಿಬ್ಬರೆಲಿನ್ ಎಂಬ ಮತ್ತೊಂದು ಹಾರ್ಮೋನಿನ ಪ್ರಭಾವದಿಂದ, ನೀರಿನ ಮೇಲಕ್ಕೆ ತಲೆಯೆತ್ತಲು ಸರಸರನೆ ಉದ್ದವಾಗತೊಡಗುತ್ತದೆ. ನೆರೆ ಬೇಗ ಇಳಿಯದಿದ್ದರೆ ಕೂಡಿಟ್ಟ ಸಕ್ಕರೆ, ಪಿಷ್ಟಗಳೆಲ್ಲ ಈ ಧಾವಂತದಲ್ಲೇ ಕರಗಿ, ಸೊರಗಿದ ಪೈರು ನೀರಿಳಿದ ಮೇಲೆ ನಿಲ್ಲಲಾರದೆ ಮಲಗಿಬಿಡುತ್ತದೆ.

ಒಡಿಶಾ ಮೂಲದ ಎಫ್‌ಆರ್13ಎ ತಳಿಯ ನಡೆ ಇದಕ್ಕೆ ತದ್ವಿರುದ್ಧ. ವಿಜ್ಞಾನಿಗಳು 2006ರಲ್ಲಿ ಗುರುತಿಸಿದ, ಈ ತಳಿಯಲ್ಲಿರುವ ಸಬ್1ಎ ಎಂಬ ಜೀನು ಅದೇ ಎಥಿಲೀನಿನಿಂದ ಎಚ್ಚೆತ್ತು ಜಿಬ್ಬರೆಲಿನ್ನಿನ ಪ್ರಭಾವವನ್ನು ತಗ್ಗಿಸುವುದರಿಂದ, ಬರಗಾಲದಲ್ಲಿ ಕಣಜದ ಕಾಳನ್ನು ಸೇರಿನಲ್ಲಿ ಅಳೆದಳೆದು ತೆಗೆಯುವ ಮನೆಯೊಡತಿಯಂತೆ ಪೈರು ಬೆಳವಣಿಗೆಯನ್ನು ತಡೆಹಿಡಿದು ದಾಸ್ತಾನನ್ನು ಮಿತವಾಗಿ ಬಳಸುತ್ತದೆ, ನೀರಿಳಿದ ಬಳಿಕ ಉಳಿದುದರ ಬಲದಿಂದ ಹೊಸ ಎಲೆ ಬಿಡುತ್ತದೆ.

ಎಫ್‌ಆರ್13ಎಯ ಇಳುವರಿ ಕಡಿಮೆಯಾದ್ದರಿಂದ, ಆ ಗುಣವನ್ನು ರೈತಪ್ರಿಯ ಸ್ವರ್ಣ ತಳಿಗೆ ಸಂಕರಣದ ಮೂಲಕ ತಂದು, ಪ್ರತಿ ಪೀಳಿಗೆಯಲ್ಲೂ ಜೀನು ಬಂದಿರುವ ಸಸಿಗಳನ್ನು ಡಿಎನ್‌ಎ ಗುರುತುಗಳ ನೆರವಿನಿಂದ ಆರಿಸಿ, ಸ್ವರ್ಣ-ಸಬ್1 ತಳಿಯನ್ನು ರೂಪಿಸಲಾಯಿತು. ಹಲವರು ತಿಳಿದಿರುವಂತೆ ಇದು ಕುಲಾಂತರಿ ಅಲ್ಲವೇ ಅಲ್ಲ. ಭಾರತದಲ್ಲಿ 2009ರಲ್ಲಿ ಬಿಡುಗಡೆಯಾದ ಇದು ಸುಮಾರು ಎರಡು ವಾರ ಮುಳುಗಿದ್ದರೂ ಚೇತರಿಸಿಕೊಳ್ಳಬಲ್ಲದು. ತಿಂಗಳುಗಟ್ಟಲೆ ನೆರೆ ಇಳಿಯದ ಗದ್ದೆಗೆ ಮಾತ್ರ ಈ ತಳಿ ತಕ್ಕುದಲ್ಲ.