ವಾಷಿಂಗ್ ಮೆಷಿನ್ ಸದ್ದಿನ ಮೂಲ

ಮುಂಬಾಗಿಲಿನ ವಾಷಿಂಗ್ ಮೆಷಿನ್‌ನ ಡ್ರಮ್ ಬಟ್ಟೆ ಹಿಂಡುವ ಹಂತದಲ್ಲಿ ಸಾಮಾನ್ಯವಾಗಿ ನಿಮಿಷಕ್ಕೆ 1000ದಿಂದ 1400 ಸುತ್ತು ತಿರುಗುವುದರಿಂದ, ಒಳಗಿನ ಸಣ್ಣ ದೋಷವೂ ಆ ವೇಗದಲ್ಲಿ ದೊಡ್ಡ ಸದ್ದಾಗಿ ಹೊರಬರುತ್ತದೆ. ಆದ್ದರಿಂದ ಸದ್ದು ಯಾವ ಹಂತದಲ್ಲಿ ಕೇಳಿಸುತ್ತದೆ ಎಂಬುದನ್ನು ಗಮನಿಸುವುದೇ ದೋಷಪತ್ತೆಯ ಮೊದಲ ಹೆಜ್ಜೆ. ನೀರು ಹೊರಹೋಗುವಾಗ ಮಾತ್ರ ಕಟಕಟ ಎಂದರೆ, ಕೊಳೆನೀರನ್ನು ಹೊರದಬ್ಬುವ ಪಂಪಿನ ಬಳಿ ಅಂಗಿಯ ಗುಂಡಿಯೋ ಜೇಬಿನ ನಾಣ್ಯವೋ ಸಿಕ್ಕಿಕೊಂಡಿರುವ ಸಂಭವವೇ ಹೆಚ್ಚು. ಹೊಸ ಯಂತ್ರ ಮೊದಲ ದಿನವೇ ನೆಲದ ಮೇಲೆ ಕುಣಿದರೆ, ಸಾಗಣೆಯ ವೇಳೆ ಡ್ರಮ್ ಅಲುಗದಂತೆ ಹಿಂಬದಿಗೆ ಹಾಕಿದ ಬೋಲ್ಟುಗಳನ್ನು ತೆಗೆಯಲು ಮರೆತಿರಬಹುದು.

ಹಿಂಡುವಾಗ ವೇಗದೊಂದಿಗೆ ಏರುತ್ತ ಹೋಗುವ ಗುಡುಗು ಹೆಚ್ಚು ಗಂಭೀರವಾದದ್ದು. ಅದು ಬಹುಮಟ್ಟಿಗೆ ಬೇರಿಂಗಿನದು, ಅಂದರೆ ಡ್ರಮ್ಮಿನ ಅಚ್ಚು ಸಲೀಸಾಗಿ ತಿರುಗುವಂತೆ ಅದನ್ನು ಹೊತ್ತಿರುವ, ಉಕ್ಕಿನ ಗುಂಡುಗಳನ್ನು ಒಳಗೊಂಡ ಬಳೆಯದು. ಅದಕ್ಕೆ ಕಾವಲಾಗಿರುವ ರಬ್ಬರ್ ಸೀಲ್ ಸವೆದಾಗ ಸೋಪಿನ ನೀರು ಒಳಸೇರಿ, ಗ್ರೀಸ್ ತೊಳೆದುಹೋಗಿ, ಗುಂಡುಗಳಿಗೆ ತುಕ್ಕು ಹಿಡಿಯುತ್ತದೆ. ಪ್ಲಗ್ ತೆಗೆದು ಖಾಲಿ ಡ್ರಮ್ಮನ್ನು ಕೈಯಿಂದ ತಿರುಗಿಸಿದಾಗ ಗರಗರ ಎಂದು, ಅದರ ಅಂಚನ್ನು ಹಿಡಿದೆತ್ತಿದಾಗ ಹೊರತೊಟ್ಟಿಯನ್ನು ಬಿಟ್ಟು ಡ್ರಮ್ ಮಾತ್ರ ಅಲುಗಾಡಿದರೆ ಸಂಶಯಕ್ಕೆ ಎಡೆಯಿಲ್ಲ. ಬೇರಿಂಗ್ ಬದಲಿಸುವವರು ಸೀಲನ್ನೂ ಬದಲಿಸಬೇಕು. ಹಳೆಯದನ್ನೇ ಉಳಿಸಿದರೆ ಅದೇ ಕೆಲಸ ಮತ್ತೆ ಎದುರಾಗುತ್ತದೆ. ಆದರೆ ಕೆಲವು ಮಾದರಿಗಳಲ್ಲಿ ಹೊರತೊಟ್ಟಿಯ ಎರಡು ಭಾಗಗಳನ್ನು ಬಿಚ್ಚಲಾಗದಂತೆ ಬೆಸೆದಿರುವುದರಿಂದ, ಅಲ್ಪ ಬೆಲೆಯ ಬಿಡಿಭಾಗವೊಂದು ಕೆಟ್ಟರೂ ಇಡೀ ತೊಟ್ಟಿಯನ್ನೇ ಬದಲಿಸಬೇಕಾಗುತ್ತದೆ.